ಆತಕೂರಿನ ನಾಯಿ, ಗೆರ್ನಿಕಾದ ಕುದುರೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ನಿಡಘಟ್ಟ ಒಂದು ಊರಿಗಿಂತ ಹೆಚ್ಚಾಗಿ ಒಂದು ಗುರುತು. ಚನ್ನಪಟ್ಟಣ ಹಿಂದಾಯಿತು, ಮದ್ದೂರು ಬಂತು ಎನ್ನುವುದರ ನಡುವಿನ ಕ್ಷಣಕ್ಕೆ ಇರುವ ಹೆಸರು. ದಶಪಥ ಹೆದ್ದಾರಿಯ ಕಾಮಗಾರಿಯನ್ನು ಎರಡು ಭಾಗ ಮಾಡಿದಾಗ ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು, ನಿಡಘಟ್ಟದಿಂದ ಮೈಸೂರಿನವರೆಗೆ ಇನ್ನೊಂದು ಎಂದು ಕಡತಗಳಲ್ಲಿ ಬರೆದರು. ಹಾಗಾಗಿ ಕೆಲವು ವರ್ಷ ನಮ್ಮ ಊರಿನ ಹೆಸರು ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಂಡಿತು. 2023ರ ಮಾರ್ಚಿಯಲ್ಲಿ ರಸ್ತೆ ಉದ್ಘಾಟನೆಯಾದ ಮೇಲೆ ಅದೂ ನಿಂತಿತು.

ನನ್ನ ನೆನಪಿನಲ್ಲಿರುವ ನಿಡಘಟ್ಟದ ಹೆದ್ದಾರಿ ಬೇರೆಯದು. ಅದು 2019ರ ಫೆಬ್ರವರಿ 16ರ ಹೆದ್ದಾರಿ. ಎರಡು ದಿನಗಳ ಹಿಂದೆ ಪುಲ್ವಾಮಾದಲ್ಲಿ ನಡೆದ ದಾಳಿಯಲ್ಲಿ ನಲವತ್ತು ಮಂದಿ ಸಿಆರ್‌ಪಿಎಫ್ ಯೋಧರು ಮೃತಪಟ್ಟಿದ್ದರು. ಅವರಲ್ಲೊಬ್ಬರು ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಪಾರ್ಥಿವ ಶರೀರ ಬೆಂಗಳೂರಿನಿಂದ ಇದೇ ರಸ್ತೆಯಲ್ಲಿ ಬರುತ್ತದೆಂದು ತಿಳಿದು ದಾರಿಯುದ್ದಕ್ಕೂ ಜನ ನೆರೆದಿದ್ದರು. ಶಾಲೆಯ ಮಕ್ಕಳ ಕೈಯಲ್ಲಿ ಬಾವುಟಗಳಿದ್ದವು. ಯುವಕರು ಘೋಷಣೆ ಕೂಗುತ್ತಿದ್ದರು. ಮೊಬೈಲುಗಳು ಎತ್ತರಕ್ಕೆ ಏರಿದ್ದವು. ನಾನು ನನ್ನ ದೊಡ್ಡಪ್ಪನ ಜೊತೆ ನಿಂತಿದ್ದೆ.

ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದವರು. 1962ರ ಯುದ್ಧದ ಮರುವರ್ಷ ಸೇರಿ, 1971ರ ಡಿಸೆಂಬರಿನಲ್ಲಿ ಪಶ್ಚಿಮ ಗಡಿಯ ಶಕರ್‌ಗಢ ವಲಯದಲ್ಲಿ ಟ್ಯಾಂಕುಗಳಿಗೆ ದಾರಿ ಮಾಡಿಕೊಡಲು ನೆಲಬಾಂಬುಗಳನ್ನು ತೆರವುಗೊಳಿಸುವ ಕೆಲಸ ಮಾಡಿದ್ದರು. ಅದರ ಬಗ್ಗೆ ಮನೆಯಲ್ಲಿ ಅವರು ಮಾತನಾಡಿದ್ದನ್ನು ನಾನು ಕೇಳಿಲ್ಲ. ಆದರೆ ಅವರು ನಡೆಯುವಾಗ ಸದಾ ನೆಲವನ್ನೇ ನೋಡಿಕೊಂಡು ನಡೆಯುತ್ತಿದ್ದರು. ಗದ್ದೆಯ ಬದುವಿನ ಮೇಲೂ ಹಾಗೆಯೇ, ಮದುವೆಯ ಛತ್ರದಲ್ಲೂ ಹಾಗೆಯೇ. ನಾವು ಹುಡುಗರು ಅದನ್ನು ಅವರ ಸಂಕೋಚವೆಂದು ತಿಳಿದಿದ್ದೆವು.

ವಾಹನ ನಮ್ಮ ಮುಂದೆ ಹಾದುಹೋದಾಗ ದೊಡ್ಡಪ್ಪ ತಲೆಯ ಮೇಲಿನ ಟವೆಲು ತೆಗೆದು ನೇರವಾಗಿ ನಿಂತರು. ಎಲ್ಲ ಮುಗಿದು ಜನ ಚದುರಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: ‘ಅವನ ತಾಯಿ ಇದಾಳಾ?’ ಸುತ್ತ ಇದ್ದವರಾರೂ ಆವರೆಗೆ ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅದೇ ವರ್ಷ ಕಣ್ಣಿನ ತಪಾಸಣೆಗೆಂದು ದೊಡ್ಡಪ್ಪ ಬೆಂಗಳೂರಿಗೆ ಬಂದಿದ್ದರು. ಔಷಧಿ ಹಾಕಿಸಿಕೊಂಡ ಕಣ್ಣು ಸರಿಹೋಗುವವರೆಗೆ ಹೊತ್ತು ಕಳೆಯಬೇಕಿತ್ತು. ಹತ್ತಿರದ ಸಭಾಂಗಣವೊಂದರಲ್ಲಿ ಯುದ್ಧವನ್ನು ಕುರಿತ ಆಧುನಿಕ ಚಿತ್ರಗಳ ಪ್ರದರ್ಶನ ನಡೆಯುತ್ತಿತ್ತು. ಮೂಲ ಕೃತಿಗಳಲ್ಲ, ಒಳ್ಳೆಯ ಕಾಗದದ ಮೇಲೆ ಮುದ್ರಿಸಿದ ಪ್ರತಿಗಳು. ನನಗೆ ನೋಡಬೇಕಿತ್ತು. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಹೋಗೋಣವೆಂದುಕೊಂಡೆ. ಅವರೇ, ‘ಬತ್ತೀನಿ ನಡಿ’ ಎಂದರು.

ಮೊದಲ ಗೋಡೆಯ ಮೇಲೆ ಸ್ಪೇನಿನ ಗೋಯಾ. 1808ರಲ್ಲಿ ನೆಪೋಲಿಯನ್ನನ ಸೈನ್ಯ ಸ್ಪೇನಿನೊಳಕ್ಕೆ ನುಗ್ಗಿದ ಮೇಲೆ ನಡೆದ ಘೋರಗಳನ್ನು ಗೋಯಾ ಸುಮಾರು ಹತ್ತು ವರ್ಷಗಳ ಕಾಲ ತಾಮ್ರದ ಫಲಕಗಳ ಮೇಲೆ ಕೊರೆದ. ಎಂಬತ್ತೆರಡು ಫಲಕಗಳು. ಅವನು ಬದುಕಿರುವಾಗ ಅವುಗಳನ್ನು ಪ್ರಕಟಿಸಲಾಗಲಿಲ್ಲ. 1828ರಲ್ಲಿ ಆತ ತೀರಿಕೊಂಡ. ಚಿತ್ರಗಳು ಹೊರಬಂದದ್ದು 1863ರಲ್ಲಿ. ಯುದ್ಧದ ಚಿತ್ರವೆಂದರೆ ಕುದುರೆಯೇರಿದ ಸೇನಾನಿಯ ಚಿತ್ರ ಎಂದು ಯುರೋಪು ನಂಬಿದ್ದ ಕಾಲದಲ್ಲಿ ಆತ ಮರಕ್ಕೆ ನೇತುಹಾಕಿದ ಶವಗಳನ್ನು, ಹಸಿದು ಬಿದ್ದ ಹೆಂಗಸರನ್ನು, ಬಂದೂಕಿನ ಮುಂದೆ ಮಂಡಿಯೂರಿದ ಬಡವರನ್ನು ಚಿತ್ರಿಸಿದ. ಯಾವ ಪಕ್ಷದವನು ಕೊಲ್ಲುತ್ತಿದ್ದಾನೆಂಬುದು ಕೆಲವು ಚಿತ್ರಗಳಲ್ಲಿ ತಕ್ಷಣ ತಿಳಿಯುವುದಿಲ್ಲ. ಆಧುನಿಕ ಕಲೆ ಯುದ್ಧವನ್ನು ನೋಡುವ ರೀತಿ ಅಲ್ಲಿಂದ ಆರಂಭವಾಗುತ್ತದೆ ಎಂದರೆ ತಪ್ಪಾಗಲಾರದು.

ಎರಡನೆಯ ಗೋಡೆಯನ್ನು ಪಿಕಾಸೊನ ‘ಗೆರ್ನಿಕಾ’ ಒಂದೇ ಆವರಿಸಿತ್ತು. 1937ರ ಏಪ್ರಿಲ್ 26ರಂದು ಸ್ಪೇನಿನ ಅಂತರ್ಯುದ್ಧದ ನಡುವೆ ಫ್ರಾಂಕೋನ ಪರವಾಗಿ ಬಂದ ಜರ್ಮನಿ ಮತ್ತು ಇಟಲಿಯ ವಿಮಾನಗಳು ಬಾಸ್ಕ್ ಸೀಮೆಯ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಸುರಿದವು. ಕೆಲವೇ ವಾರಗಳಲ್ಲಿ ಪಿಕಾಸೊ ಸುಮಾರು ಏಳೂಮುಕ್ಕಾಲು ಮೀಟರು ಅಗಲದ ಈ ಚಿತ್ರವನ್ನು ಮುಗಿಸಿ ಪ್ಯಾರಿಸ್ಸಿನ ಮೇಳದಲ್ಲಿ ಪ್ರದರ್ಶಿಸಿದ. ಕಪ್ಪು, ಬಿಳುಪು, ಬೂದು ಬಿಟ್ಟರೆ ಬೇರೆ ಬಣ್ಣವಿಲ್ಲ. ಎಡಗಡೆ ಸತ್ತ ಮಗುವನ್ನು ಹಿಡಿದು ಬಾಯಿ ತೆರೆದ ತಾಯಿ. ಕೆಳಗೆ ಮುರಿದ ಕತ್ತಿ ಹಿಡಿದ ಸೈನಿಕನ ತುಂಡಾದ ದೇಹ. ನಡುವೆ ಈಟಿ ತಿವಿದಿರುವ, ಚೀರುತ್ತಿರುವ ಕುದುರೆ.

ದೊಡ್ಡಪ್ಪ ಬಹಳ ಹೊತ್ತು ಅದರ ಮುಂದೆ ನಿಂತಿದ್ದರು. ನಂತರ ಕೇಳಿದರು: ‘ಇದ್ರಲ್ಲಿ ವಿಮಾನ ಎಲ್ಲದೆ?’ ಇಲ್ಲ ಎಂದೆ. ‘ಬಾಂಬು?’ ಅದೂ ಇಲ್ಲ. ‘ಹಾಕಿದೋರು?’ ಅವರೂ ಇಲ್ಲ. ‘ಸರಿಯಾಗದೆ. ಕೆಳಗಿದ್ದೋರಿಗೆ ಯಾವುದೂ ಕಾಣಕ್ಕಿಲ್ಲ’ ಎಂದರು. ಗೆರ್ನಿಕಾದ ಬಗ್ಗೆ ನಾನು ಕೆಲವು ಪುಸ್ತಕಗಳನ್ನು ಓದಿದ್ದೇನೆ. ಅವುಗಳಲ್ಲಿ ಯಾವುದೂ ನನಗೆ ಈ ಚಿತ್ರದೊಳಕ್ಕೆ ಇಷ್ಟು ನೇರವಾದ ದಾರಿ ತೋರಿಸಿರಲಿಲ್ಲ.

ಈ ಚಿತ್ರದ ಶಕ್ತಿ ಎಂಥದೆಂಬುದಕ್ಕೆ ಒಂದು ಪ್ರಸಂಗವನ್ನು ನೆನಪಿಸಿಕೊಳ್ಳಬಹುದು. ಇದರ ನೇಯ್ಗೆಯ ಪ್ರತಿಯೊಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಭದ್ರತಾ ಮಂಡಳಿಯ ಬಾಗಿಲ ಬಳಿ ತೂಗುಹಾಕಲ್ಪಟ್ಟಿತ್ತು. 2003ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಇರಾಕ್ ಮೇಲಿನ ಯುದ್ಧಕ್ಕೆ ಸಮರ್ಥನೆ ಒದಗಿಸಲು ಅಲ್ಲಿಗೆ ಬಂದಾಗ ಅದರ ಮೇಲೆ ನೀಲಿ ಪರದೆ ಎಳೆಯಲಾಗಿತ್ತು. ಕ್ಯಾಮೆರಾಗಳಿಗೆ ಹಿನ್ನೆಲೆ ಸರಿಬರಲೆಂದು ಹಾಗೆ ಮಾಡಿದೆವು ಎಂಬ ವಿವರಣೆ ಬಂತು. ಕಾರಣ ಏನೇ ಇರಲಿ, ಯುದ್ಧದ ಮಾತು ನಡೆಯುವ ಕಡೆ ಆ ಕುದುರೆ, ಆ ತಾಯಿ ಕಾಣಿಸಲಿಲ್ಲ ಎಂಬುದು ಮಾತ್ರ ಸತ್ಯ.

ಮೂರನೆಯ ಗೋಡೆಯಲ್ಲಿ ಜರ್ಮನಿಯ ಕೇಥೆ ಕೋಲ್ವಿಟ್ಸ್ ರಚಿಸಿದ ಮರದಚ್ಚಿನ ಚಿತ್ರಗಳಿದ್ದವು. ‘ಯುದ್ಧ’ ಎಂಬ ಮಾಲಿಕೆಯ ಏಳು ಚಿತ್ರಗಳು, 1920ರ ದಶಕದ ಆರಂಭದವು. ರಣರಂಗ ಎಲ್ಲಿಯೂ ಇಲ್ಲ. ವಿಧವೆಯರಿದ್ದಾರೆ, ಮಕ್ಕಳನ್ನು ನಡುವೆ ಇಟ್ಟುಕೊಂಡು ಕೋಟೆಯಂತೆ ಒತ್ತಿ ನಿಂತ ತಾಯಂದಿರಿದ್ದಾರೆ, ಒಬ್ಬರ ಮೇಲೊಬ್ಬರು ಕುಸಿದ ತಂದೆತಾಯಿಯರಿದ್ದಾರೆ. ಅವಳ ಕಿರಿಯ ಮಗ ಪೀಟರ್ 1914ರಲ್ಲಿ ಹದಿನೆಂಟರ ಹರೆಯದಲ್ಲಿ ಸೈನ್ಯಕ್ಕೆ ಸೇರಲು ಹೊರಟ. ಅಪ್ರಾಪ್ತ ವಯಸ್ಕನಾದ್ದರಿಂದ ತಂದೆಯ ಒಪ್ಪಿಗೆ ಬೇಕಿತ್ತು. ತಂದೆ ಹಿಂಜರಿದ. ಮಗನ ಪರವಾಗಿ ಮಾತನಾಡಿ ಒಪ್ಪಿಸಿದವಳು ಕೇಥೆಯೇ. ಅಕ್ಟೋಬರಿನಲ್ಲಿ ಪೀಟರ್ ಬೆಲ್ಜಿಯಂನಲ್ಲಿ ಮಡಿದ. ಅವನಿಗೊಂದು ಸ್ಮಾರಕ ಮಾಡಬೇಕೆಂದು ಆಕೆ ಹದಿನೇಳು ವರ್ಷಕ್ಕೂ ಹೆಚ್ಚು ಕಾಲ ಹೆಣಗಿದಳು. ಮೊದಲು ಮಗನ ಆಕೃತಿಯನ್ನೇ ಮಾಡಬೇಕೆಂದಿದ್ದವಳು ಕೊನೆಗೆ ಅದನ್ನು ಕೈಬಿಟ್ಟಳು. 1932ರಲ್ಲಿ ಬೆಲ್ಜಿಯಂನ ಸೈನಿಕರ ಸ್ಮಶಾನದಲ್ಲಿ ಸ್ಥಾಪಿಸಿದ್ದು ಮಂಡಿಯೂರಿದ ಒಬ್ಬ ತಂದೆ ಮತ್ತು ಒಬ್ಬ ತಾಯಿಯ ಶಿಲ್ಪಗಳನ್ನು. 1942ರಲ್ಲಿ, ಮತ್ತೊಂದು ಯುದ್ಧದಲ್ಲಿ, ಅದೇ ಪೀಟರ್ ಎಂಬ ಹೆಸರಿನ ಮೊಮ್ಮಗನೂ ಸತ್ತ.

ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಅವರು ಏನೂ ಹೇಳಲಿಲ್ಲ. ತಾವು ಸೈನ್ಯಕ್ಕೆ ಹೊರಟಾಗ ನಮ್ಮಜ್ಜಿ ಎರಡು ದಿನ ಅನ್ನ ಮುಟ್ಟಿರಲಿಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ.

ಪ್ರದರ್ಶನದಲ್ಲಿ ಭಾರತೀಯರ ಪಾಲು ಚಿಕ್ಕದು. ಸೋಮನಾಥ ಹೋರ್ ಅವರ ‘ಗಾಯಗಳು’ ಮಾಲಿಕೆಯ ಒಂದೆರಡು ಕೃತಿಗಳ ಛಾಯಾಚಿತ್ರಗಳಿದ್ದವು. ಚಿತ್ತಗಾಂಗ್‌ನಲ್ಲಿ ಹುಟ್ಟಿದ ಹೋರ್ 1943ರ ಬಂಗಾಳದ ಬರವನ್ನೂ ಬಾಂಬು ದಾಳಿಯನ್ನೂ ಕಂಡವರು. 1970ರ ದಶಕದಲ್ಲಿ ಅವರು ಬಿಳಿಯ ಕಾಗದದ ತಿರುಳಿನ ಮೇಲೆ, ಬಣ್ಣವೇ ಇಲ್ಲದೆ, ಬರೀ ಉಬ್ಬುತಗ್ಗುಗಳಲ್ಲಿ ಗಾಯಗಳನ್ನು ಮೂಡಿಸಿದರು. ಛಾಯಾಚಿತ್ರದಲ್ಲಿ ಅವು ಖಾಲಿ ಹಾಳೆಯಂತೆ ಕಾಣುತ್ತವೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಗಾಯವೆಂದು ತಿಳಿಯುತ್ತದೆ. ವಿಯೆಟ್ನಾಮಿನ ಜನರನ್ನು ನೆನೆದು ಅವರು ಎರಕ ಹೊಯ್ದ, ತಾಯಿ ಮಗುವಿನ ದೊಡ್ಡ ಕಂಚಿನ ಶಿಲ್ಪವೊಂದು 1977ರಲ್ಲಿ ಶಾಂತಿನಿಕೇತನದಿಂದ ಕಳುವಾಯಿತು. ಮತ್ತೆ ಸಿಗಲೇ ಇಲ್ಲ.

ಹೊರಗೆ ಬಂದ ಮೇಲೆ ದೊಡ್ಡಪ್ಪ ಒಂದು ಆಕ್ಷೇಪ ಎತ್ತಿದರು. ‘ಎಲ್ಲಾ ಸರಿ. ಆದ್ರೆ ಒಬ್ಬಂದಾದ್ರೂ ಹೆಸರು ಬರೆದಿಲ್ವಲ್ಲ?’ ಚಿತ್ರಕಾರರ ಹೆಸರಿತ್ತು, ಸತ್ತವರ ಹೆಸರಿರಲಿಲ್ಲ ಎಂಬುದು ಅವರ ಮಾತಿನ ಅರ್ಥ. ನಾನು ಆಧುನಿಕ ಕಲೆಯ ಪರ ವಾದಿಸಿದೆ. ಹೆಸರು ಬಂದರೆ ವೀರ ಬರುತ್ತಾನೆ, ವೀರ ಬಂದರೆ ಯುದ್ಧಕ್ಕೊಂದು ಘನತೆ ಬರುತ್ತದೆ, ಅದಕ್ಕೇ ಇವರು ಹೆಸರು ಬಿಟ್ಟಿದ್ದಾರೆ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ‘ಹೆಸರಿಲ್ಲದೆ ಸಾಯೋದು ಸುಲಭ ಅಂದ್ಕೊಂಡಿದೀಯಾ?’ ಎಂದರು.

ಆಗ ನನಗೆ ಆತಕೂರಿನ ಕಲ್ಲು ನೆನಪಾಯಿತು. ಸಂಜೆಗೆ ಇನ್ನೂ ಸಮಯವಿತ್ತು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಅವರನ್ನು ಕರೆದೊಯ್ದೆ. 1865ರಲ್ಲಿ ಆರಂಭವಾದ ಸಂಸ್ಥೆ ಅದು; ಪಕ್ಕದಲ್ಲೇ ವೆಂಕಟಪ್ಪ ಕಲಾ ಗ್ಯಾಲರಿ. ಒಂದು ಕಟ್ಟಡದಲ್ಲಿ ಹಳೆಯ ಕಲ್ಲುಗಳು, ಇನ್ನೊಂದರಲ್ಲಿ ಹೊಸ ಚಿತ್ರಗಳು. ಇಲ್ಲಿಗೆ ಬಂದವರು ಅಲ್ಲಿಗೆ ಹೋಗುವುದು ಕಡಿಮೆ.

ಆತಕೂರು ನಮ್ಮ ಮದ್ದೂರು ತಾಲ್ಲೂಕಿನ ಹಳ್ಳಿ. ಅಲ್ಲಿ ದೊರೆತ ಕಲ್ಲಿನ ಮೇಲಿರುವುದು ಶಕ 872ರ, ಎಂದರೆ ಕ್ರಿ.ಶ. 949–50ರ ಹಳಗನ್ನಡ ಶಾಸನ. ತಕ್ಕೋಲಂ ಎಂಬಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ಚೋಳರನ್ನು ಸೋಲಿಸಿದರು. ಚೋಳ ರಾಜಾದಿತ್ಯ ಬೂತುಗನ ಕೈಯಲ್ಲಿ ಹತನಾದ. ದಕ್ಷಿಣ ಭಾರತದ ಚರಿತ್ರೆಯಲ್ಲಿ ಅದು ದೊಡ್ಡ ಯುದ್ಧ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬಾತನಿಗೆ, ಮೆಚ್ಚಿದ ದೊರೆ ಏನು ಬೇಕಾದರೂ ಕೇಳು ಎಂದಾಗ ಆತ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿಯನ್ನು ಒಮ್ಮೆ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನೆಡಿಸಿದ, ಪೂಜೆಗೆಂದು ಭೂಮಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂಬ ಕಟ್ಟಳೆಯೂ ಅದರಲ್ಲಿದೆ.

ಶಾಸನದ ಅಕ್ಷರಗಳಲ್ಲಿ ತಕ್ಕೋಲಂ ಇದೆ, ರಾಜರಿದ್ದಾರೆ, ಬಿರುದುಗಳಿವೆ, ದತ್ತಿಗಳಿವೆ. ಆದರೆ ಶಿಲ್ಪಿ ಕಲ್ಲಿನಲ್ಲಿ ಕಡೆದ ಚಿತ್ರದಲ್ಲಿ ಇವು ಯಾವುವೂ ಇಲ್ಲ. ಒಂದು ನಾಯಿ, ಒಂದು ಹಂದಿ, ಪರಸ್ಪರ ಕಚ್ಚಿಕೊಂಡು. ಅಷ್ಟೇ. ನಮ್ಮ ಸಾಮಾನ್ಯ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ ಎಂಬ ಮೆಟ್ಟಿಲುಗಳಿರುತ್ತವೆ. ಇಲ್ಲಿ ಸ್ವರ್ಗವೂ ಇಲ್ಲ. ಸಾವಿರಾರು ಜನ ಮಡಿದಿರಬಹುದಾದ ಯುದ್ಧವನ್ನು ಪಕ್ಕಕ್ಕಿಟ್ಟು, ಒಬ್ಬ ಯೋಧ ತಾನು ಪ್ರೀತಿಸಿದ ಒಂದು ಜೀವ ಸತ್ತದ್ದನ್ನು ಕಲ್ಲಿನಲ್ಲಿ ಉಳಿಸಿದ್ದಾನೆ. ದೊಡ್ಡಪ್ಪ ಬಗ್ಗಿ, ಔಷಧಿಯಿಂದ ಮಂಜಾದ ಕಣ್ಣುಗಳನ್ನು ಕಿರಿದು ಮಾಡಿ ನೋಡಿದರು. ‘ಇದಕ್ಕೆ ಹೆಸರದೆ’ ಎಂದರು.

ನಮ್ಮ ಜಿಲ್ಲೆಯಲ್ಲಿಯೇ ಯುದ್ಧದ ಇನ್ನೊಂದು ಚಿತ್ರವೂ ಇದೆ. ಕೆಲವು ದಿನಗಳ ನಂತರ ನಾವು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನ ಹರಡಿಕೊಂಡಿದೆ. ಕಂಚಿಯ ಬಳಿ ಹೈದರ್ ಮತ್ತು ಟಿಪ್ಪುವಿನ ಪಡೆಗಳು ಕರ್ನಲ್ ಬೆಯ್ಲಿಯ ಇಂಗ್ಲಿಷ್ ಪಡೆಯನ್ನು ನುಚ್ಚುನೂರು ಮಾಡಿದ ಕದನ. ಕೆಂಪು ಕೋಟಿನ ಸಿಪಾಯಿಗಳ ಚೌಕ, ನಡುವೆ ಪಲ್ಲಕ್ಕಿಯಲ್ಲಿ ಬೆಯ್ಲಿ, ಸ್ಫೋಟಿಸುವ ಮದ್ದಿನ ಬಂಡಿ, ಉರುಳಿದ ರುಂಡಗಳು. ಇದು ಗೆದ್ದವರ ಚಿತ್ರ. ಅದರಲ್ಲಿ ಹಬ್ಬದ ಮೆರವಣಿಗೆಯ ಸಂಭ್ರಮವಿದೆ. ಬೆಯ್ಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಅವನ ಸ್ಮಾರಕ ಗುಂಬಜ್‌ನ ಸಮೀಪದಲ್ಲೇ ಇದೆ.

1799ರ ಮೇ 4ರಂದು ಪಟ್ಟಣ ಬಿದ್ದಿತು. ಗೆದ್ದವರು ಬದಲಾದರು, ಚಿತ್ರವೂ ಬದಲಾಯಿತು. ಮರುವರ್ಷ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಕಲಾವಿದ ಶ್ರೀರಂಗಪಟ್ಟಣದ ಕೋಟೆ ಮುತ್ತಿದ ದೃಶ್ಯವನ್ನು ಸುಮಾರು 120 ಅಡಿ ಉದ್ದದ ಪರದೆಯ ಮೇಲೆ ಚಿತ್ರಿಸಿ ಪ್ರದರ್ಶನಕ್ಕಿಟ್ಟ. ಶ್ರೀರಂಗಪಟ್ಟಣವನ್ನು ಅವನು ಕಂಡಿರಲಿಲ್ಲ. ಲಂಡನ್ನಿನ ಜನ ಹಣ ಕೊಟ್ಟು ನೋಡಲು ಮುಗಿಬಿದ್ದರು. ಆ ಪರದೆ ಮುಂದೆ ನಾಶವಾಯಿತು. ಇತ್ತ ಪೊಳ್ಳಿಲೂರಿನ ಭಿತ್ತಿಚಿತ್ರದ ಬಣ್ಣ ಕೆಟ್ಟಾಗ ಅದನ್ನು ಮತ್ತೆ ಬರೆಸಿದವರೂ ಆಂಗ್ಲರೇ: ಮೊದಲು ಆರ್ಥರ್ ವೆಲ್ಲೆಸ್ಲಿ, ಆಮೇಲೆ 1855ರಲ್ಲಿ ಡಾಲ್‌ಹೌಸಿ. ತಮ್ಮ ಸೋಲಿನ ಚಿತ್ರವನ್ನು ಅವರು ನಿಶ್ಚಿಂತೆಯಿಂದ ಕಾಪಾಡಿದರು, ಏಕೆಂದರೆ ಕೊನೆಗೆ ಗೆದ್ದವರು ತಾವೇ ಎಂಬುದು ಅವರಿಗೆ ಗೊತ್ತಿತ್ತು. ಅದೇ ಕದನದ ಕಾಗದದ ಮೇಲಿನ ಪ್ರತಿಯೊಂದು 2022ರ ಮಾರ್ಚಿಯಲ್ಲಿ ಲಂಡನ್ನಿನ ಹರಾಜಿನಲ್ಲಿ ಆರು ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.

ನಾವು ಹೋದ ದಿನ ಶಾಲೆಯೊಂದರ ಪ್ರವಾಸದ ಮಕ್ಕಳು ಸಾಲಾಗಿ ಬಂದಿದ್ದರು. ‘ಇದರಲ್ಲಿ ಗೆದ್ದವರು ಯಾರು?’ ಎಂದು ಮೇಷ್ಟ್ರು ಕೇಳಿದರು. ಮಕ್ಕಳು ಒಕ್ಕೊರಲಿನಿಂದ ಉತ್ತರ ಕೊಟ್ಟು ಮುಂದೆ ಸಾಗಿದರು. ನಾನು ಕಲಿತದ್ದೂ ಹೀಗೆಯೇ.

ಈಗ ನನ್ನ ಮುಂದಿರುವ ಪ್ರಶ್ನೆ ಇದು. ನಾವು ಯುದ್ಧವನ್ನು ಯಾವ ಚಿತ್ರದ ಮೂಲಕ ನೋಡುತ್ತಿದ್ದೇವೆ? ಒಂದು ಕಾಲಕ್ಕೆ ಕೆರೆಯೇರಿಯ ಮೇಲಿನ ವೀರಗಲ್ಲು ಇತ್ತು. ಇಂದು ವೃತ್ತದಲ್ಲಿ ಫ್ಲೆಕ್ಸ್ ಇದೆ. ಮಡಿದ ಯೋಧನ ಭಾವಚಿತ್ರ ನಡುವೆ, ಸುತ್ತಲೂ ಅದನ್ನು ಹಾಕಿಸಿದ ಮುಖಂಡರ ಭಾವಚಿತ್ರಗಳು. ಒಂದೆರಡು ಮಳೆಗಾಲದಲ್ಲಿ ಅದು ಬಣ್ಣಗೆಟ್ಟು ಕಣದ ಹೊದಿಕೆಯಾಗುತ್ತದೆ. ಟಿ.ವಿ.ಯಲ್ಲಿ ಯುದ್ಧವೆಂದರೆ ಬಾಣದ ಗುರುತುಗಳಿರುವ ಭೂಪಟ, ಹಿನ್ನೆಲೆಯ ಡೋಲು, ಎತ್ತರದ ದನಿ. ಮೇಲಿನಿಂದ ಬಾಂಬು ಹಾಕುವವನ ಕಣ್ಣಿನಲ್ಲಿ ಕಾಣುವ ದೃಶ್ಯವೇ ನಮ್ಮ ನಡುಮನೆಗೆ ಬರುವುದು. ಕೆಳಗಿರುವವನಿಗೆ ಏನು ಕಾಣುತ್ತದೆಂಬುದು ಬರುವುದಿಲ್ಲ. ಪಿಕಾಸೊ ತಿರುಗಿಸಿಟ್ಟದ್ದನ್ನು ನಾವು ಮತ್ತೆ ಮೊದಲಿನ ಹಾಗೆಯೇ ಇಟ್ಟುಕೊಂಡಿದ್ದೇವೆ.

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಸುಮಾರು 75 ಅಡಿ ಎತ್ತರದ ಏಕಶಿಲೆಯ ವೀರಗಲ್ಲನ್ನು ನಿಲ್ಲಿಸಲಾಗಿದೆ. ಅದರ ಎತ್ತರದ ಬಗ್ಗೆ ನನಗೆ ಆಕ್ಷೇಪವಿಲ್ಲ. ಆದರೆ ಆ ಉದ್ಯಾನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಮಡಿದವರ ಹೆಸರುಗಳನ್ನು ಕೆತ್ತಿದ ಕಲ್ಲುಗಳ ಬಳಿ. ಅಲ್ಲಿ ದೊಡ್ಡಪ್ಪನ ಆಕ್ಷೇಪ ಸರಿಯೆನ್ನಿಸುತ್ತದೆ. ಹೆಸರನ್ನು ಅಳಿಸಿದ ಕಲೆ ಯುದ್ಧದ ಸತ್ಯವನ್ನು ಹೇಳಬಹುದು. ಸತ್ತವನ ಮನೆಯವರಿಗೆ ಅಷ್ಟು ಸಾಲದು. ಹಾಗೆಯೇ, ಹೆಸರನ್ನು ಮಾತ್ರ ಕೆತ್ತಿ ಗಾಯವನ್ನು ಮುಚ್ಚಿಟ್ಟ ಸ್ಮಾರಕ ಮುಂದಿನ ಹದಿನೆಂಟರ ಹುಡುಗನಿಗೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಕೋಲ್ವಿಟ್ಸ್ ಹದಿನೇಳು ವರ್ಷ ಹೆಣಗಿದ್ದು ಈ ಎರಡರ ನಡುವೆಯೇ ಇರಬೇಕು. ಸಾವಿರ ವರ್ಷಗಳ ಹಿಂದೆ ಆತಕೂರಿನ ಅನಾಮಿಕ ಶಿಲ್ಪಿ ಎರಡನ್ನೂ ಒಂದೇ ಕಲ್ಲಿನಲ್ಲಿ ಇಟ್ಟಿದ್ದ. ಮಣಲೇರ ಏನನ್ನು ಯೋಚಿಸಿ ನಾಯಿಯನ್ನು ಕಡೆಸಿದನೋ ಹೇಳಲಾರೆ. ಆದರೆ ಗೆದ್ದು ಬಂದವನೊಬ್ಬ ಗೆಲುವನ್ನು ಅಕ್ಷರಕ್ಕೆ ಬಿಟ್ಟು, ಕಳೆದುಕೊಂಡದ್ದನ್ನು ಚಿತ್ರವಾಗಿಸಿದ ಎಂಬುದಕ್ಕೆ ಕಲ್ಲೇ ಸಾಕ್ಷಿ.

ಆ ಕಲ್ಲಿನ ಒಂದು ಒಳ್ಳೆಯ ಪ್ರತಿಕೃತಿ ಮದ್ದೂರಿನಲ್ಲಿ ಮಕ್ಕಳ ಕಣ್ಣಿಗೆ ಬೀಳುವಂಥ ಜಾಗದಲ್ಲಿ ಇದ್ದರೆ ಚೆನ್ನ. ದರಿಯಾ ದೌಲತ್‌ಗೆ ಪ್ರವಾಸ ಹೋಗುವ ಮೇಷ್ಟ್ರುಗಳು ಗೆದ್ದವರು ಯಾರು ಎಂಬ ಪ್ರಶ್ನೆಯ ಜೊತೆಗೆ, ಪಲ್ಲಕ್ಕಿಯಲ್ಲಿ ಕೂತವನು ಏನಾದ, ಕೆಳಗೆ ಬಿದ್ದವರು ಯಾವ ಊರಿನವರಿರಬಹುದು ಎಂದೂ ಕೇಳಬಹುದು. ಕಂಪನಿಯ ಸಿಪಾಯಿಗಳಲ್ಲಿ ಬಹುಪಾಲು ಜನ ಈ ದೇಶದವರೇ ಆಗಿದ್ದರೆಂಬುದು ಆಗ ಮಕ್ಕಳಿಗೆ ತಿಳಿದೀತು. ಇದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ದೊಡ್ಡಪ್ಪ ಈಗಿಲ್ಲ. ಹೊಸ ರಸ್ತೆಯನ್ನು ಅವರು ನೋಡಲಿಲ್ಲ. ಕೊನೆಯ ದಿನಗಳಲ್ಲಿ ಒಮ್ಮೆ, ಆವತ್ತು ನೋಡಿದ್ದರಲ್ಲಿ ಯಾವುದು ನೆನಪಿದೆ ಎಂದು ಕೇಳಿದೆ. ‘ಆ ಬಿಳಿ ಕಾಗದ’ ಎಂದರು. ಹೋರ್ ಅವರ ಚಿತ್ರದ ಮುಂದೆ ಅವರು ನಿಂತದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಅದರಲ್ಲಿ ಏನಿತ್ತು ಎಂದೆ. ‘ಏನೂ ಕಾಣಕ್ಕಿಲ್ಲ. ಬಗ್ಗಿ ನೋಡ್ಬೇಕು. ನಾವು ನೆಲ ನೋಡ್ತಿದ್ದುದು ಹಂಗೇಯ’ ಎಂದರು. 1971ರ ಬಗ್ಗೆ ಅವರ ಬಾಯಿಂದ ನಾನು ಕೇಳಿದ ಮಾತು ಅದೊಂದೇ.